ಹದಿನಾಲ್ಕು ಹಳೇ ಕಂಪ್ಯೂಟರ್, ಒಂದು ಸರ್ವರ್: ಯಾವ ಸಾಫ್ಟ್‌ವೇರ್ ಒಳಗೆ, ಯಾವುದು ಹೊರಗೆ?

ಕೃಷ್ಣಾ ದಂಡೆ (ಜಮಖಂಡಿ), ಸೋಮವಾರ ರಾತ್ರಿ

ನಮಸ್ಕಾರ್ರಿ ಎಲ್ಲರಿಗೂ. ನಾನು ಜಮಖಂಡಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕ್ಲಾರ್ಕ್. ಕಂಪ್ಯೂಟರ್ ಕೆಟ್ಟರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ. ಹಾಗಾಗಿ ಐಟಿ ವಿಭಾಗವೂ ನಾನೇ. ಮುಖ್ಯ ಕಚೇರಿಯಲ್ಲಿ 14 ಡೆಸ್ಕ್‌ಟಾಪ್, ಮುಧೋಳ ಮತ್ತು ಬನಹಟ್ಟಿ ಶಾಖೆಗಳಲ್ಲಿ ತಲಾ 3. ಎಲ್ಲಾ 4 ಜಿಬಿ ರ‍್ಯಾಮ್‌ನ ಹಳೇ ಪೆಟ್ಟಿಗೆಗಳು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 (ಅದು ಕೇಳುವ ಭದ್ರತಾ ಚಿಪ್) ಇಲ್ಲ ಅಂತ ಬರುತ್ತದೆ.

ನಮ್ಮ ಅಧ್ಯಕ್ಷರು ಬೆಳಗಾವಿಯಲ್ಲಿ ಯಾರದೋ ಆಫೀಸಿನಲ್ಲಿ ಥಿನ್ ಕ್ಲೈಂಟ್ ನೋಡಿ ಬಂದಿದ್ದಾರೆ. ಮಾನಿಟರ್ ಹಿಂದೆ ಅಂಗೈಯಷ್ಟು ಡಬ್ಬಿ, ಕೆಲಸವೆಲ್ಲ ಸರ್ವರ್‌ನಲ್ಲಿ. "ನಾವೂ ಎಲ್ಲಾನೂ ಅದರೊಳಗೇ ಹಾಕೋಣ" ಅನ್ನುತ್ತಾರೆ. ಆ "ಎಲ್ಲಾನೂ" ಅನ್ನೋ ಮಾತಿಗೇ ನನಗೆ ನಿದ್ದೆ ಬರುತ್ತಿಲ್ಲ.

ನಮ್ಮಲ್ಲಿ ಏನೇನಿದೆ ಅಂದರೆ: ಠೇವಣಿ, ಸಾಲದ ಲೆಕ್ಕಕ್ಕೆ ಒಂದು ಸೊಸೈಟಿ ಸಾಫ್ಟ್‌ವೇರ್, ವಿಬಿಯಲ್ಲಿ (ವಿಷುಯಲ್ ಬೇಸಿಕ್ ಅನ್ನೋ ಹಳೇ ಭಾಷೆ) ಬರೆದದ್ದು. ಟ್ಯಾಲಿ. ಎಕ್ಸೆಲ್, ವರ್ಡ್. ನೋಟಿಸು, ಠರಾವು ಬರೆಯಲು ನುಡಿ. ಪಿಗ್ಮಿ ಏಜೆಂಟರ ಮಷಿನ್, ಸಂಜೆ ಬಂದು ಲೆಕ್ಕ ಇಳಿಸುತ್ತಾರೆ. ಪಾಸ್‌ಬುಕ್ ಪ್ರಿಂಟರ್, ಎರಡು ಡಾಟ್ ಮ್ಯಾಟ್ರಿಕ್ಸ್. ರಿಟರ್ನ್ಸ್ ಹಾಕಲು ಡಿಜಿಟಲ್ ಸಹಿಯ ಟೋಕನ್ (ಯುಎಸ್‌ಬಿ ಕಡ್ಡಿ). ಸಾಲದ ಕಾಗದ ಸ್ಕ್ಯಾನ್ ಮಾಡುವುದು. ಕ್ರೋಮ್, ವಾಟ್ಸ್‌ಆ್ಯಪ್ ವೆಬ್, ಸಿಸಿಟಿವಿ, ಆಗಾಗ ಇಲಾಖೆಯ ವಿಡಿಯೊ ಮೀಟಿಂಗ್. ಇದಲ್ಲದೆ ಡಾಸ್ ಕಾಲದ ಫಾಕ್ಸ್‌ಪ್ರೋ ಖಾತೆ ಪುಸ್ತಕ ಒಂದಿದೆ. ವರ್ಷಕ್ಕೆ ಮೂರು ಸಲ ಬೇಕಾಗುತ್ತದೆ, ಆದರೆ ಬೇಕೇ ಬೇಕು.

ಯಾವುದನ್ನು ಒಳಗೆ ಹಾಕಬಹುದು, ಯಾವುದು ಬೇಡ? ಮಾಡಿ ನೋಡಿದವರು ಹೇಳಿ.

ಕೇಬಲ್ ಕಾಕಾ (ಬಾಗಲಕೋಟೆ), ಸೋಮವಾರ ರಾತ್ರಿ

ತಮ್ಮಾ, ಒಂದೊಂದು ಪಿಸಿಗೂ ಎಸ್‌ಎಸ್‌ಡಿ, 8 ಜಿಬಿ ಹಾಕಿಸು. ಸರ್ವರ್ ಯಾಕೆ ಬೇಕು? ಇವತ್ತು ಒಂದು ಪಿಸಿ ಕೆಟ್ಟರೆ ಒಬ್ಬ ಸುಮ್ನೆ ಕೂರುತ್ತಾನೆ. ನಾಳೆ ಸರ್ವರ್ ಕೆಟ್ಟರೆ ಹದಿನಾಲ್ಕೂ ಮಂದಿ ಚಹಾ ಕುಡಿಯಲು ಹೋಗುತ್ತಾರೆ.

ಕುಂದಾ ಕಟ್ಟೆ (ಬೆಳಗಾವಿ), ಮಂಗಳವಾರ ಬೆಳಿಗ್ಗೆ

ಕಾಕಾ ಹೇಳಿದ್ದು ಸುಳ್ಳಲ್ಲ. ಆದರೆ ಎಸ್‌ಎಸ್‌ಡಿ ಹಾಕಿದರೆ ಟಿಪಿಎಂ ಬರುವುದಿಲ್ಲ ಕಾಕಾ. ಆ ಪೆಟ್ಟಿಗೆಗಳು ಇನ್ನು ಹೆಚ್ಚು ದಿನ ನಡೆಯುವುದಿಲ್ಲ.

ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಆರು ವರ್ಷದಿಂದ 40 ಥಿನ್ ಕ್ಲೈಂಟ್ ನೋಡಿಕೊಳ್ಳುತ್ತಿದ್ದೇನೆ. ಮೊದಲ ವರ್ಷ ಸಾಫ್ಟ್‌ವೇರ್ ಹೆಸರು ನೋಡಿ ತೀರ್ಮಾನ ಮಾಡಿದೆ. ಎಕ್ಸೆಲ್ ಸರಿ, ನಕ್ಷೆ ಬಿಡಿಸುವ ಕ್ಯಾಡ್ ಬೇಡ, ಹೀಗೆ. ಅರ್ಧಕ್ಕರ್ಧ ತಪ್ಪಾಯಿತು. ಈಗ ಹೆಸರು ನೋಡುವುದೇ ಇಲ್ಲ, ಅದು ಏನೇನನ್ನು ಮುಟ್ಟುತ್ತದೆ ಅಂತ ನೋಡುತ್ತೇನೆ.

ಥಿನ್ ಕ್ಲೈಂಟ್‌ನಲ್ಲಿ ಪ್ರೋಗ್ರಾಂ ಓಡುವುದು ಸರ್ವರ್‌ನಲ್ಲಿ. ನಿಮ್ಮ ಟೇಬಲ್‌ಗೆ ಬರುವುದು ಚಿತ್ರ ಮಾತ್ರ. ನೀವು ಕಳಿಸುವುದು ಕೀಲಿ ಒತ್ತಿದ್ದು, ಮೌಸ್ ಸರಿಸಿದ್ದು. ಪರದೆಯಲ್ಲಿ ಬದಲಾದ ಭಾಗ ಅಷ್ಟೇ ಮತ್ತೆ ಬರುತ್ತದೆ. ವೋಚರ್ ಬರೆಯುವಾಗ ಬದಲಾಗುವುದು ನಾಲ್ಕು ಅಕ್ಷರ, ಸಿಸಿಟಿವಿ ನೋಡುವಾಗ ಇಡೀ ಪರದೆ. ಅದಕ್ಕೇ ಸಿಸಿಟಿವಿ, ವಿಡಿಯೊ ಮೀಟಿಂಗ್ ಎರಡೂ ಹೊರಗೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಸಿಸಿಟಿವಿಗೆ ಅದರ ಡಬ್ಬಿಯಿಂದಲೇ ಒಂದು ಮಾನಿಟರ್‌ಗೆ ತಂತಿ ಎಳೆಯಿರಿ.

ತೊಂದರೆ ಕೊಡುವುದು ಬೇರೆ ಜಾತಿ. ತನ್ನನ್ನು ಬಿಟ್ಟು ಈ ಕಂಪ್ಯೂಟರ್‌ನಲ್ಲಿ ಇನ್ನೊಬ್ಬ ಇಲ್ಲ ಅಂದುಕೊಂಡ ಸಾಫ್ಟ್‌ವೇರ್. ಹಳೇ ವಿಬಿ ಪ್ರೋಗ್ರಾಂಗಳಲ್ಲಿ ಇದು ಜಾಸ್ತಿ. ರಿಪೋರ್ಟ್ ತೆಗೆಯುವಾಗ ತನ್ನದೇ ಫೋಲ್ಡರ್‌ನಲ್ಲಿ ಒಂದು ತಾತ್ಕಾಲಿಕ ಫೈಲ್ ಮಾಡುತ್ತವೆ, ಪ್ರತಿ ಸಲ ಅದೇ ಹೆಸರಲ್ಲಿ. ಒಬ್ಬರಿಗೆ ಒಂದು ಪಿಸಿ ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ. ಸರ್ವರ್‌ನಲ್ಲಿ ಹತ್ತು ಜನ ಅದೇ ಫೋಲ್ಡರ್‌ನಿಂದ ಓಡಿಸುತ್ತಾರೆ. ನಿಮ್ಮ ಸೊಸೈಟಿ ಸಾಫ್ಟ್‌ವೇರನ್ನು ಎರಡು ಲಾಗಿನ್‌ನಿಂದ ಒಂದೇ ಕ್ಷಣಕ್ಕೆ ರಿಪೋರ್ಟ್ ತೆಗೆಸಿ ನೋಡಿ. ಬೇರೆಲ್ಲ ಪರೀಕ್ಷೆ ಆಮೇಲೆ.

ಇನ್ನೊಂದು ಜಾತಿ ಸಿಪಿಯು ಪೂರ್ತಿ ನುಂಗುವುದು. ನಮ್ಮಲ್ಲಿ ಒಬ್ಬರ ಎಕ್ಸೆಲ್ ಫೈಲ್ ತೆರೆದರೆ ಉಳಿದವರ ಪರದೆ ತೇಕುತ್ತಿತ್ತು. ಎಕ್ಸೆಲ್ 2007ರಿಂದ ಲೆಕ್ಕವನ್ನು ಎಲ್ಲಾ ಕೋರ್‌ಗಳಿಗೂ ಹಂಚಿ ಮಾಡುತ್ತದೆ. ನಿಮ್ಮ ಪಿಸಿಯಲ್ಲಾದರೆ ಅದು ವರ, ಹಂಚಿಕೊಂಡ ಸರ್ವರ್‌ನಲ್ಲಿ ಶಾಪ. ವಿಂಡೋಸ್ ಸರ್ವರ್ 2008 ಆರ್2ರಿಂದ ಸಿಪಿಯು ಪಾಲನ್ನು ಬಳಕೆದಾರರ ನಡುವೆ ಸಮ ಮಾಡುವ ವ್ಯವಸ್ಥೆ ಇದೆ, ಸ್ವಲ್ಪ ಉಳಿಸುತ್ತದೆ. ಕೊನೆಗೆ ನಾನು ಆ ಮನುಷ್ಯನಿಗೆ ಬೇರೆ ಪಿಸಿ ಕೊಟ್ಟೆ. ಸಾಮಾನ್ಯ ಎಕ್ಸೆಲ್, ವರ್ಡ್‌ಗೆ ಸರ್ವರ್ ಹೇಳಿ ಮಾಡಿಸಿದ ಹಾಗಿರುತ್ತದೆ. ಹತ್ತು ಜನ ವರ್ಡ್ ತೆರೆದರೂ ಅದರ ಕೋಡ್ ಮೆಮೊರಿಯಲ್ಲಿ ಒಂದೇ ಸಲ ಕೂರುತ್ತದೆ. ಕಡತ ಮಾತ್ರ ಅವರವರದು.

ಕ್ರೋಮ್ ಹಾಗಲ್ಲ. 12 ಟ್ಯಾಬ್ ತೆರೆದರೆ ಒಬ್ಬರದೇ 1 ಜಿಬಿ ಸುಲಭವಾಗಿ ದಾಟುತ್ತದೆ.

ಸುಮ್ನೆ ಓದುವವ, ಮಂಗಳವಾರ ಮಧ್ಯಾಹ್ನ

ಇಷ್ಟೆಲ್ಲ ಯಾಕೆ ಸರ್? ಒಳ್ಳೇ ಪಿಸಿಗೆ ವಿಂಡೋಸ್ 11 ಹಾಕಿ, ಒಬ್ಬರೇ ಅನ್ನೋ ಮಿತಿ ತೆಗೆಯುವ ಪ್ಯಾಚ್ ಹಾಕಿದರೆ ಹತ್ತು ಜನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ (ತಮ್ಮ ಟೇಬಲ್‌ನಿಂದಲೇ ಆ ಪಿಸಿಯ ಪರದೆ ತೆರೆದು) ಕೂರಬಹುದು. ಖರ್ಚೇ ಇಲ್ಲ.

ಜೋಳದ ರೊಟ್ಟಿ (ವಿಜಯಪುರ), ಮಂಗಳವಾರ ಸಂಜೆ

ಖರ್ಚು ಇಲ್ಲ ಅನ್ನಬೇಡಿ. ವಿಂಡೋಸ್ 10, 11ರಲ್ಲಿ ಒಂದು ಹೊತ್ತಿಗೆ ಒಬ್ಬರೇ ಅಂತ ಲೈಸೆನ್ಸ್‌ನಲ್ಲೇ ಬರೆದಿದೆ. ಆ ಪ್ಯಾಚ್ ಅದನ್ನು ಮುರಿಯುತ್ತದೆ. ಮೇಲಿಂದ ಒಂದು ಅಪ್‌ಡೇಟ್ ಬಂದ ದಿನ ಪ್ಯಾಚ್ ಕೆಲಸ ನಿಲ್ಲಿಸುತ್ತದೆ. ಜನರ ದುಡ್ಡಿನ ಲೆಕ್ಕ ಇಡುವ ಸಂಘಕ್ಕೆ ಆಡಿಟ್ ಬರುತ್ತದೆ, ಅಲ್ವಾ? ನಾಲ್ಕು ಕಾಸು ಉಳಿಸಿ ಅಲ್ಲಿ ಏನು ಉತ್ತರ ಕೊಡುತ್ತೀರಿ?

ನಾನು ಒಂದು ಲೆಕ್ಕ ಪರಿಶೋಧಕರ ಕಚೇರಿಯಲ್ಲಿದ್ದೇನೆ, 9 ಜನ. ನಮಗೆ ಸರ್ವರ್ ಹಾಕಿಕೊಟ್ಟವರು ಬಿಲ್ ಮಾಡಿ ಹೋದರು. ಎಲ್ಲಾ ಚೆನ್ನಾಗಿತ್ತು. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಯಾರಿಗೂ ಲಾಗಿನ್ ಆಗಲಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಸೇವೆಗೆ 120 ದಿನದ ಸಡಿಲಿಕೆ ಇರುತ್ತದೆ, ಆಮೇಲೆ ಪ್ರತಿ ಬಳಕೆದಾರನಿಗೋ ಪ್ರತಿ ಡಬ್ಬಿಗೋ ಒಂದು ಲೈಸೆನ್ಸ್ ಬೇಕು. ಅವರು ಅದನ್ನು ಹಾಕಿರಲೇ ಇಲ್ಲ. ರಿಟರ್ನ್ಸ್‌ನ ಕೊನೇ ವಾರ ಅದು. ಫೋನ್ ಎತ್ತಲಿಲ್ಲ ಪುಣ್ಯಾತ್ಮರು. ಹಾಗಾಗಿ ಕೊಟೇಶನ್‌ನಲ್ಲಿ ಆ ಸಾಲು ಇದೆಯಾ ಅಂತ ಮೊದಲು ನೋಡಿ. ಆಫೀಸ್ ಪ್ಯಾಕೇಜ್‌ದೂ ಅಷ್ಟೇ. ಅಂಗಡಿಯಲ್ಲಿ ಸಿಗುವ ಒಂಟಿ ಲೈಸೆನ್ಸ್ ಇಂಥ ಸರ್ವರ್‌ಗೆ ನಡೆಯುವುದಿಲ್ಲ. ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂನಲ್ಲಿ ಹಂಚಿಕೊಂಡ ಕಂಪ್ಯೂಟರ್‌ನಲ್ಲಿ ಬಳಸುವ ಅವಕಾಶ ಇದೆ, ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲ. ಟ್ಯಾಲಿಯಲ್ಲಿ ಹಲವರು ಒಟ್ಟಿಗೆ ಕೂರಲು ಸಿಲ್ವರ್ ಸಾಲದು, ಗೋಲ್ಡ್ ಬೇಕು.

ಟ್ಯಾಲಿಯನ್ನು ಮಾತ್ರ ಕಣ್ಣು ಮುಚ್ಚಿ ಒಳಗೆ ಹಾಕಿ. ಮೊದಲು ನಮ್ಮಲ್ಲಿ ಡೇಟಾ ಒಂದು ಪಿಸಿಯಲ್ಲಿ, ಟ್ಯಾಲಿ ಬೇರೆ ಪಿಸಿಗಳಲ್ಲಿ. ಡೇಬುಕ್ ತೆಗೆದರೆ ಫೈಲುಗಳೇ ತಂತಿಯಲ್ಲಿ ಓಡಾಡಬೇಕಿತ್ತು. ಈಗ ಡೇಟಾ, ಪ್ರೋಗ್ರಾಂ ಎರಡೂ ಒಂದೇ ಕಡೆ. ಇದರಷ್ಟು ನಮಗೆ ಲಾಭ ಕೊಟ್ಟದ್ದು ಬೇರೊಂದಿಲ್ಲ.

ಡಿಜಿಟಲ್ ಸಹಿ ದೊಡ್ಡ ತಲೆನೋವು. ನಾನು ಜಾಣತನ ಮಾಡಿ ಟೋಕನ್ ಅನ್ನು ಸರ್ವರ್‌ಗೇ ಚುಚ್ಚಿದೆ. ರಿಮೋಟ್‌ನಲ್ಲಿ ಕೂತವರಿಗೆ ಅದು ಕಾಣುವುದೇ ಇಲ್ಲ! ರಿಮೋಟ್ ಸೆಷನ್ ಯಾವಾಗಲೂ ನೀವು ಕೂತಿರುವ ಕಡೆಯ ಟೋಕನ್ ಹುಡುಕುತ್ತದೆ. ಸರಿ, ನಮ್ಮ ಡಬ್ಬಿಗೇ ಚುಚ್ಚಿದೆವು, ಕಂಡಿತು. ಆಮೇಲೆ ಇನ್ನೊಂದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಹಿ ಹಾಕಲು ಒಂದು ಪುಟ್ಟ ಪ್ರೋಗ್ರಾಂ ಹಿನ್ನೆಲೆಯಲ್ಲಿ ಓಡಬೇಕು. ಬ್ರೌಸರ್ ಅದನ್ನು "ಇದೇ ಕಂಪ್ಯೂಟರ್" ಅನ್ನೋ ವಿಳಾಸದಲ್ಲಿ, ಒಂದು ಗೊತ್ತಾದ ಪೋರ್ಟ್‌ನಲ್ಲಿ (ಬಾಗಿಲ ಸಂಖ್ಯೆಯಲ್ಲಿ) ಹುಡುಕುತ್ತದೆ. ಸರ್ವರ್‌ನಲ್ಲಿ ಒಂಬತ್ತೂ ಜನರಿಗೆ "ಇದೇ ಕಂಪ್ಯೂಟರ್" ಒಂದೇ. ಮೊದಲು ತೆರೆದವರು ಪೋರ್ಟ್ ಹಿಡಿದುಕೊಳ್ಳುತ್ತಾರೆ. ಎರಡನೆಯವರ ಬ್ರೌಸರ್ ಹೋಗಿ ಮೊದಲಿನವರ ಬಾಗಿಲು ಬಡಿಯುತ್ತದೆ. ಬೇರೆಯವರ ಸಹಿಯ ಕಿಟಕಿ ತೆರೆಯುವುದು ಅಂದರೆ ಏನು ಅಂತ ಯೋಚಿಸಿ. ಅವತ್ತೇ ಒಂದು ಸ್ವಂತ ಪಿಸಿ ತಂದು "ಸಹಿ ಪಿಸಿ" ಅಂತ ಚೀಟಿ ಅಂಟಿಸಿದೆ.

ಪೆಂಗ್ವಿನ್ ಮಾಮಾ (ಬಾಗಲಕೋಟೆ), ಮಂಗಳವಾರ ರಾತ್ರಿ

ಲೈಸೆನ್ಸ್ ಪುರಾಣ ಓದಿ ಸುಸ್ತಾಯಿತು. ಎಲ್‌ಟಿಎಸ್‌ಪಿ (ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್) ನೋಡಿ. 1999ರಿಂದ ಇದೆ, ಉಚಿತ. ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಹಾರ್ಡ್ ಡಿಸ್ಕ್ ಇಲ್ಲದ ಯಂತ್ರಗಳು ನೆಟ್‌ವರ್ಕ್‌ನಿಂದಲೇ ಬೂಟ್ ಆಗುತ್ತವೆ. ಈಗಿನ ಎಲ್‌ಟಿಎಸ್‌ಪಿಯಲ್ಲಿ ಪ್ರೋಗ್ರಾಂ ಓಡುವುದು ಎದುರಿಗಿರುವ ಯಂತ್ರದಲ್ಲೇ. ಹಾಗಾಗಿ ಕ್ರೋಮ್ ಹೊಟ್ಟೆಬಾಕ ಆದರೂ ಸರ್ವರ್‌ಗೆ ಬಾಧೆ ಇಲ್ಲ. ನಿಮ್ಮ 4 ಜಿಬಿ ಪೆಟ್ಟಿಗೆಗಳನ್ನು ಎಸೆಯಲೇಬೇಕಿಲ್ಲ. ಲಿಬ್ರೆ ಆಫೀಸ್ ಇದೆ.

ಕೃಷ್ಣಾ ದಂಡೆ (ಜಮಖಂಡಿ), ಮಂಗಳವಾರ ರಾತ್ರಿ

ಮಾಮಾ, ಆಸೆ ಇದೆ. ಆದರೆ ಸೊಸೈಟಿ ಸಾಫ್ಟ್‌ವೇರ್, ಟ್ಯಾಲಿ ಎರಡೂ ವಿಂಡೋಸ್‌ನದು. ಹದಿನೈದು ವರ್ಷದ ಠರಾವುಗಳು ನುಡಿಯ ಹಳೇ ಫಾಂಟ್‌ನಲ್ಲಿವೆ, ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು ಕಾಣುತ್ತದೆ.

ಪೆಂಗ್ವಿನ್ ಮಾಮಾ (ಬಾಗಲಕೋಟೆ), ಮಂಗಳವಾರ ರಾತ್ರಿ

ಫಾಂಟ್ ಫೈಲ್ ಲಿನಕ್ಸ್‌ನಲ್ಲೂ ಹಾಕಬಹುದು, ಓದಲು ಬರುತ್ತದೆ. ಟೈಪ್ ಮಾಡುವುದು ಕಷ್ಟ, ಒಪ್ಪಿದೆ. ಹಾಗಾದರೆ ಹೀಗೆ ಮಾಡಿ. ಹಳೇ ಪೆಟ್ಟಿಗೆಗೆ ಲಿನಕ್ಸ್ ಹಾಕಿ. ಬ್ರೌಸರ್, ವಾಟ್ಸ್‌ಆ್ಯಪ್, ವಿಡಿಯೊ ಅಲ್ಲೇ ಇರಲಿ. ವಿಂಡೋಸ್ ಬೇಕಾದ ಎರಡು ಮೂರನ್ನು ಮಾತ್ರ ಸರ್ವರ್‌ನಿಂದ ತೆರೆಯಿರಿ. ಥಿನ್ ಕ್ಲೈಂಟ್ ಡಬ್ಬಿ ಕೊಳ್ಳುವುದೂ ಉಳಿಯುತ್ತದೆ.

ಕುಂದಾ ಕಟ್ಟೆ (ಬೆಳಗಾವಿ), ಬುಧವಾರ ಬೆಳಿಗ್ಗೆ

ಈ ಮಾತು ನನಗೂ ಒಪ್ಪಿಗೆ. ನಾನು ಲಿನಕ್ಸ್ ಮಂದಿಯ ಜೊತೆ ಜಗಳ ಆಡುವವನು, ಆದರೂ.

ನುಡಿ ಬಗ್ಗೆ ಎರಡು ಮಾತು. ನಾವು ಕನ್ನಡ, ಮರಾಠಿ ಎರಡರಲ್ಲೂ ನೋಟಿಸ್ ಹಾಕುತ್ತೇವೆ. ಕೀಲಿಮಣೆ ಪ್ರೋಗ್ರಾಂ ಒಂದೇ ಕಡೆ ಓಡಬೇಕು, ಸರ್ವರ್‌ನ ಒಳಗೆ. ಎದುರಿನ ಯಂತ್ರದಲ್ಲೂ ಓಡುತ್ತಿದ್ದರೆ ಎರಡೂ ಸೇರಿ ಅಕ್ಷರ ಕಲಸುತ್ತವೆ. ಫಾಂಟ್ ಹಾಕುವಾಗ "ಎಲ್ಲಾ ಬಳಕೆದಾರರಿಗೂ" ಅನ್ನುವುದನ್ನು ಆರಿಸಿ. ಸರ್ವರ್ 2019ರಿಂದ ಈಚೆಗೆ ಸುಮ್ನೆ ಇನ್‌ಸ್ಟಾಲ್ ಒತ್ತಿದರೆ ಹಾಕಿದವರಿಗೆ ಮಾತ್ರ ಸಿಗುತ್ತದೆ. ನನಗೆ ಇದು ಗೊತ್ತಾಗಲು ಅರ್ಧ ದಿನ ಹಿಡಿಯಿತು.

ಫಾಕ್ಸ್‌ಪ್ರೋವನ್ನು ನೇರವಾಗಿ ಹಾಕಲು ಆಗುವುದಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ಓಡುವುದಿಲ್ಲ. 2008 ಆರ್2ರಿಂದ ಸರ್ವರ್ ಎಲ್ಲಾ 64 ಬಿಟ್ಟೇ. ಡಾಸ್‌ಬಾಕ್ಸ್ (ಹಳೇ ಡಾಸ್ ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರ್) ಹಾಕಿ ಒಬ್ಬರ ಪಿಸಿಯಲ್ಲಿ ಇಡಿ. ವರ್ಷಕ್ಕೆ ಮೂರು ಸಲಕ್ಕೆ ಅಷ್ಟು ಸಾಕು.

ಮತ್ತೆ, ಮನೆಯಿಂದ ಕೆಲಸ ಮಾಡಲು ಅಂತ ಯಾರಾದರೂ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆಯಲು ಹೇಳಿದರೆ ಅವರನ್ನು ಒಳಗೇ ಬಿಡಬೇಡಿ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸಿಕ್ಕ 2019ರ ಬ್ಲೂಕೀಪ್ ದೋಷ ನೆನಪಿರಬೇಕು. ಪಾಸ್‌ವರ್ಡೇ ಇಲ್ಲದೆ ಒಳಗೆ ನುಗ್ಗಬಹುದಿತ್ತು. ಮೈಕ್ರೋಸಾಫ್ಟ್ ಬೆಂಬಲ ಮುಗಿದ ಎಕ್ಸ್‌ಪಿಗೂ ಪ್ಯಾಚ್ ಕೊಟ್ಟಿತ್ತು. ವಿಪಿಎನ್ (ಹೊರಗಿನಿಂದ ಬರಲು ಭದ್ರವಾದ ಖಾಸಗಿ ದಾರಿ) ಇಲ್ಲದೆ ಬೇಡ.

ಕೃಷ್ಣಾ ದಂಡೆ (ಜಮಖಂಡಿ), ಶುಕ್ರವಾರ

ಎರಡು ದಿನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಎಲ್ಲರ ಟೇಬಲ್‌ಗೂ ಅಲೆದೆ. ನಮ್ಮ ಮ್ಯಾನೇಜರ್ ಬಾಯಿಯವರು ಎಕ್ಸೆಲ್ ಬಳಸುತ್ತೇನೆ ಅನ್ನುತ್ತಿದ್ದರು. ನೋಡಿದರೆ ಎಕ್ಸೆಲ್ 200 ಎಂಬಿ, ಬ್ರೌಸರ್ 1.4 ಜಿಬಿ. ಮಂದಿ ಹೇಳುವುದು ಒಂದು, ಕಂಪ್ಯೂಟರ್ ಹೇಳುವುದು ಇನ್ನೊಂದು. ಕೌಂಟರ್‌ನ ಇಬ್ಬರು ದಿನವಿಡೀ ಸೊಸೈಟಿ ಸಾಫ್ಟ್‌ವೇರ್ ಬಿಟ್ಟು ಬೇರೆ ಮುಟ್ಟಲೇ ಇಲ್ಲ.

ಒಂದು ಪ್ರಶ್ನೆ. ಮುಧೋಳ, ಬನಹಟ್ಟಿಯವರೂ ಇದೇ ಸರ್ವರ್‌ಗೆ ಬರಬಹುದಾ? ಅಲ್ಲಿ ಫೈಬರ್ ಇದೆ. ಆದರೆ ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಹೋಗುವಾಗ ರಸ್ತೆ ಮೇಲಿನ ಕೇಬಲ್ ಹರಿದುಕೊಂಡು ಹೋಗುತ್ತದೆ. ಹೋದ ವರ್ಷ ಎರಡು ಸಲ ಆಯಿತು.

ಕುಂದಾ ಕಟ್ಟೆ (ಬೆಳಗಾವಿ), ಶುಕ್ರವಾರ

ಬರಬಹುದು. ಲೈನಿನ ವೇಗಕ್ಕಿಂತ ತಡ ಎಷ್ಟು ಅನ್ನುವುದು ಮುಖ್ಯ. ಕೀಲಿ ಒತ್ತಿ, ಅಕ್ಷರ ಪರದೆಗೆ ಬರಲು 150 ಮಿಲಿಸೆಕೆಂಡ್ ಆದರೆ ಟೈಪ್ ಮಾಡುವವರು ಬೈಯಲು ಶುರು ಮಾಡುತ್ತಾರೆ. ಪಿಂಗ್ ಮಾಡಿ ನೋಡಿ, ತಡ ಎಷ್ಟು ಅಂತ ಅದು ತೋರಿಸುತ್ತದೆ. ಟ್ರ್ಯಾಕ್ಟರ್‌ಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಪ್ರತಿ ಶಾಖೆಗೆ ಒಂದು 4ಜಿ ಡಾಂಗಲ್ ಇಡಿ. ಲೈನ್ ಹೋದಾಗ ರೊಕ್ಕ ಕಟ್ಟಿಸಿಕೊಳ್ಳಲು ಕೈಬರಹದ ರಸೀದಿ ಪುಸ್ತಕವೂ ಇರಲಿ.

ಕರೆಂಟ್ ವಿಷಯಕ್ಕೆ ಬಂದರೆ ಥಿನ್ ಕ್ಲೈಂಟ್ ಗೆದ್ದಂತೆ. ಡಬ್ಬಿ 10ರಿಂದ 15 ವ್ಯಾಟ್. ಕರೆಂಟ್ ಹೋಗಿ ಡಬ್ಬಿ ಸತ್ತರೂ ಸರ್ವರ್‌ಗೆ ಯುಪಿಎಸ್ ಇದ್ದರೆ ಅರ್ಧ ಬರೆದ ವೋಚರ್ ಹಾಗೇ ಇರುತ್ತದೆ. ಮತ್ತೆ ಲಾಗಿನ್ ಆದರೆ ಕರ್ಸರ್ ಬಿಟ್ಟಲ್ಲೇ ಮಿನುಗುತ್ತಿರುತ್ತದೆ. ನಮ್ಮ ಸ್ಟೋರ್ಸ್‌ನವರು ಥಿನ್ ಕ್ಲೈಂಟ್ ಒಪ್ಪಿಕೊಂಡದ್ದು ಇದೊಂದನ್ನು ನೋಡಿ.

ಕೃಷ್ಣಾ ದಂಡೆ (ಜಮಖಂಡಿ), ಮೂರು ವಾರದ ನಂತರ

ಒಂದು ಹಳೇ ಸರ್ವರ್ ಬಾಡಿಗೆಗೆ ತಂದು ಆರು ಜನರನ್ನು ಕೂರಿಸಿ ನೋಡಿದೆವು. ಆಗಿದ್ದನ್ನು ಆಗಿದ್ದ ಹಾಗೆ ಹೇಳುತ್ತೇನೆ.

ಕುಂದಾ ಕಟ್ಟೆ ಸರ್ ಹೇಳಿದ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದೆ. ಎರಡು ಕೌಂಟರ್‌ನಿಂದ ಒಟ್ಟಿಗೆ ಖಾತೆ ಉತಾರ ತೆಗೆಸಿದೆ. ಒಂದು ಕೌಂಟರ್‌ನಲ್ಲಿ ಇನ್ನೊಬ್ಬ ಸದಸ್ಯರ ವ್ಯವಹಾರ ಪ್ರಿಂಟ್ ಆಗಿ ಬಂತು! ಮೇಲೆ ಹೆಸರು ಒಬ್ಬರದು, ಕೆಳಗೆ ಸಾಲುಗಳು ಮತ್ತೊಬ್ಬರದು. ಕೈ ತಣ್ಣಗಾಯಿತು. ಇದು ಜಾತ್ರೆ ಮುಂದಿನ ಸೋಮವಾರ, ನಲವತ್ತು ಜನ ಸಾಲಿನಲ್ಲಿ ನಿಂತಿದ್ದಾಗ ಆಗಿದ್ದರೆ? ಸಾಫ್ಟ್‌ವೇರ್ ಮಾಡಿದವರಿಗೆ ಫೋನ್ ಮಾಡಿದರೆ "ನಮ್ಮದು ಸರ್ವರ್‌ಗೆ ಸಪೋರ್ಟ್ ಇದೆ" ಅಂದರು. ಫೋಟೊ ಕಳಿಸಿದ ಮೇಲೆ ಸುಮ್ಮನಾದರು. ಸದ್ಯಕ್ಕೆ ಪ್ರತಿ ಬಳಕೆದಾರನಿಗೂ ಪ್ರೋಗ್ರಾಂ ಫೋಲ್ಡರ್‌ನ ಬೇರೆ ಬೇರೆ ಪ್ರತಿ ಮಾಡಿಟ್ಟಿದ್ದೇನೆ, ಡೇಟಾಬೇಸ್ ಒಂದೇ. ಮತ್ತೆ ನೂರಾರು ಸಲ ಒಟ್ಟಿಗೆ ತೆಗೆಸಿ ನೋಡಿದೆ, ಕಲಸಲಿಲ್ಲ. ತಾತ್ಕಾಲಿಕ ಫೈಲ್ ಅನ್ನು ಬಳಕೆದಾರನ ಸ್ವಂತ ಜಾಗದಲ್ಲಿ ಮಾಡುವಂತೆ ಬದಲಾಯಿಸಿ ಕೊಡುತ್ತೇವೆ ಅಂತ ಬರೆದು ಕೊಟ್ಟಿದ್ದಾರೆ. ಅದು ಬರುವವರೆಗೆ ದುಡ್ಡು ಕೊಡಬೇಡಿ ಅಂತ ನಾನೂ ಬರೆದು ಕೊಟ್ಟಿದ್ದೇನೆ, ಅಧ್ಯಕ್ಷರಿಗೆ.

ಟ್ಯಾಲಿ, ಜೋಳದ ರೊಟ್ಟಿ ಅಕ್ಕಾರು ಹೇಳಿದ ಹಾಗೇ, ಬೆಣ್ಣೆ. ವರ್ಡ್, ನುಡಿ ಸರಿ. ಪಿಗ್ಮಿ ಮಷಿನ್ ಸೀರಿಯಲ್ ಪೋರ್ಟ್‌ನದು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಪೋರ್ಟ್ ದಾಟಿಸುವ ಆಯ್ಕೆ ಒತ್ತಿದೆ, ನಡೆಯಿತು. ಆದರೆ ಐದರಲ್ಲಿ ಒಂದು ಸಲ ಅರ್ಧಕ್ಕೆ ನಿಂತಿತು. ಏಜೆಂಟರು ಸಂಜೆ ಏಳಕ್ಕೆ ಬಿಸಿಲಲ್ಲಿ ಸುತ್ತಿ ಬಂದಿರುತ್ತಾರೆ, ಅವರ ಮುಂದೆ ಪ್ರಯೋಗ ಬೇಡ ಅನ್ನಿಸಿತು. ಅದಕ್ಕೆ ಸಹಿ ಟೋಕನ್, ಪಿಗ್ಮಿ, ಸ್ಕ್ಯಾನರ್, ಫಾಕ್ಸ್‌ಪ್ರೋ ನಾಲ್ಕನ್ನೂ ಒಂದು ಹೊಸ ಪಿಸಿಗೆ ಹಾಕಿ ಮೂಲೆಯಲ್ಲಿ ಇಡುತ್ತಿದ್ದೇನೆ. ಬ್ರೌಸರ್, ವಾಟ್ಸ್‌ಆ್ಯಪ್ ಪೆಂಗ್ವಿನ್ ಮಾಮಾ ಹೇಳಿದಂತೆ ಹಳೇ ಪೆಟ್ಟಿಗೆಯ ಲಿನಕ್ಸ್‌ನಲ್ಲೇ. ಒಬ್ಬರು ಮಾತ್ರ ಮುಖ ಸೊಟ್ಟ ಮಾಡಿದ್ದಾರೆ.

ಇನ್ನೊಂದು ವಿಚಿತ್ರ. ಹೊಸ ಲಾಗಿನ್‌ಗಳಲ್ಲಿ ಎಕ್ಸೆಲ್‌ನ ತಾರೀಖು ತಲೆಕೆಳಗು. 5ನೇ ಜೂನ್ ಬರೆದರೆ 6ನೇ ಮೇ ಆಗುತ್ತದೆ. ಮತ್ತೆ ಡಾಟ್ ಮ್ಯಾಟ್ರಿಕ್ಸ್ ತುಂಬಾ ನಿಧಾನ, ಒಂದು ರಸೀದಿಗೆ ಅರ್ಧ ನಿಮಿಷ.

ಜೋಳದ ರೊಟ್ಟಿ (ವಿಜಯಪುರ), ಅದೇ ದಿನ

ತಾರೀಖು ನಮ್ಮಲ್ಲೂ ಆಗಿತ್ತು. ಸರ್ವರ್‌ನಲ್ಲಿ ಹೊಸ ಬಳಕೆದಾರ ಬಂದರೆ ಅಮೆರಿಕದ ಪದ್ಧತಿ, ತಿಂಗಳು ಮೊದಲು. ನಿಮ್ಮ ಲಾಗಿನ್‌ನಲ್ಲಿ ಇಂಡಿಯಾ ಅಂತ ಸರಿಮಾಡಿ, ರೀಜನ್ ಸೆಟಿಂಗ್‌ನಲ್ಲೇ "ಹೊಸ ಬಳಕೆದಾರರಿಗೂ ನಕಲಿಸು" ಅನ್ನುವ ಗುರುತು ಇದೆ, ಅದನ್ನು ಒತ್ತಿ. ಈಗಾಗಲೇ ಇರುವವರದು ಒಬ್ಬೊಬ್ಬರದೇ ಸರಿಮಾಡಬೇಕು. ಅದಕ್ಕೂ ಮೊದಲು ಈ ಮೂರು ವಾರದಲ್ಲಿ ಹೊಡೆದ ಬಡ್ಡಿ ಶೀಟುಗಳನ್ನು ತೆರೆದು ನೋಡಿ. 12ರ ಒಳಗಿನ ತಾರೀಖುಗಳೇ ಮೋಸ ಮಾಡುತ್ತವೆ. 12 ದಾಟಿದ್ದು ತಾರೀಖೇ ಆಗುವುದಿಲ್ಲ, ಎಡಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಕಣ್ಣಿಗೆ ಬೀಳುತ್ತದೆ.

ಕುಂದಾ ಕಟ್ಟೆ (ಬೆಳಗಾವಿ), ಅದೇ ದಿನ

ಪ್ರಿಂಟರ್ ನಿಧಾನಕ್ಕೆ ಕಾರಣ ಈಸಿ ಪ್ರಿಂಟ್, ರಿಮೋಟ್ ಡೆಸ್ಕ್‌ಟಾಪ್‌ನದೇ ಪ್ರಿಂಟ್ ವ್ಯವಸ್ಥೆ. ಅದು ರಸೀದಿಯನ್ನು ಚಿತ್ರ ಮಾಡಿ ಕಳಿಸುತ್ತದೆ, ಪಾಪ ಡಾಟ್ ಮ್ಯಾಟ್ರಿಕ್ಸ್ ಅದನ್ನು ಚುಕ್ಕಿ ಚುಕ್ಕಿ ಕುಟ್ಟುತ್ತದೆ. ಸರ್ವರ್‌ನ ಪಾಲಿಸಿ ಸೆಟಿಂಗ್‌ನಲ್ಲಿ ಈಸಿ ಪ್ರಿಂಟ್ ಮೊದಲು ಅನ್ನುವುದನ್ನು ನಿಲ್ಲಿಸಿ. ಅದೇ ಪ್ರಿಂಟರ್‌ನ ಡ್ರೈವರ್ ಸರ್ವರ್‌ನಲ್ಲಿ ಹಾಕಿ. ಅಕ್ಷರ ಅಕ್ಷರವಾಗಿಯೇ ಹೋಗುತ್ತದೆ. ಪಾಸ್‌ಬುಕ್‌ನದೂ ಹಾಗೇ, ಆದರೆ ಸಾಲು ಸರಿಯಾಗಿ ಕೂರಲು ನಾಲ್ಕೈದು ಹಳೇ ಪಾಸ್‌ಬುಕ್ ಹಾಳಾಗುತ್ತವೆ. ರದ್ದಾದವನ್ನು ತೆಗೆದಿಟ್ಟುಕೊಳ್ಳಿ.

ಕೇಬಲ್ ಕಾಕಾ (ಬಾಗಲಕೋಟೆ), ಅದೇ ರಾತ್ರಿ

ಸರ್ವರ್ ಕೆಟ್ಟ ದಿನ ಏನು ಮಾಡುತ್ತೀ ಅಂತ ಇನ್ನೂ ಹೇಳಲಿಲ್ಲ ನೀನು.

ಕೃಷ್ಣಾ ದಂಡೆ (ಜಮಖಂಡಿ), ಮರುದಿನ

ಕಾಕಾ, ಆ ಬಾಡಿಗೆ ಸರ್ವರನ್ನೇ ಕೊಂಡುಕೊಳ್ಳುತ್ತಿದ್ದೇವೆ, ಆಪತ್ಕಾಲಕ್ಕೆ. ರಾತ್ರಿ ಡೇಟಾ ಅದಕ್ಕೆ ನಕಲಾಗುತ್ತದೆ. ಕೌಂಟರ್‌ನ ಇಬ್ಬರು ಅದರಲ್ಲಿ ಕೆಲಸ ನಡೆಸಬಹುದು, ಉಳಿದ ಹನ್ನೆರಡು ಮಂದಿ ನೀವಂದಂತೆ ಚಹಾಕ್ಕೇ ಹೋಗಲಿ. ಬಡ್ಡಿ ಶೀಟ್ ತೆರೆದು ನೋಡಿದೆ ಅಕ್ಕಾರ, ಏಳು ತಾರೀಖು ತಪ್ಪಿದ್ದವು. ಇವತ್ತು ಅವನ್ನೇ ತಿದ್ದುತ್ತಾ ಕೂತಿದ್ದೇನೆ.